ಊರಿನ ನೆನಪು, ನಮ್ಮ ಹೊಣೆ

(ಪ್ರತಿಷ್ಠಾ ಮಹೋತ್ಸವದ ಪೂರ್ವಭಾವಿಯಾಗಿ ಬಸದಿಯ ಅಂಗಣದಲ್ಲಿ ಜರಗಿದ ಸಭೆಯಲ್ಲಿ ಮಾಡಿದ ಭಾಷಣ)





ಇಂತಹ ಪವಿತ್ರ ಸಂದರ್ಭದಲ್ಲಿ ತಮ್ಮ ಮುಂದೆ ನಿಂತು ಮಾತನಾಡತಕ್ಕ ಯೋಗ್ಯತೆ ನನಗಿದೆಯೆಂದು ನಾನು ಭಾವಿಸಿಲ್ಲ. ಶಾಸ್ತ್ರವನ್ನು ಬಲ್ಲವರೂ ಶಾಸನಗಳನ್ನು ಓದಬಲ್ಲವರೂ ಈ ವೇದಿಕೆಯ ಮೇಲೆ ಆಸೀನರಾಗಿದ್ದಾರೆ. ನಾನಾದರೋ 1986ನೇ ಇಸವಿಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ತೀರ್ಥರೂಪರ ಅಡಿಕೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು. ಅಂದಿನಿಂದ ಇಂದಿನವರೆಗೆ ತಕ್ಕಡಿಯೇ ನನ್ನ ಗುರು, ಲೆಕ್ಕದ ಪುಸ್ತಕವೇ ನನ್ನ ಗ್ರಂಥ. ಹಾಗಿದ್ದರೂ ಸಮಿತಿಯವರು, ಬದಲಾಗುತ್ತಿರುವ ನಮ್ಮ ಊರು ತನ್ನ ಹಿಂದಿನ ಕಾಲವನ್ನು ಹೇಗೆ ನೆನಪಿನಲ್ಲಿಟ್ಟುಕೊಂಡಿದೆ ಎಂಬ ವಿಷಯವಾಗಿ ನಾನು ನಾಲ್ಕು ಮಾತುಗಳನ್ನಾಡಬೇಕೆಂದು ಅಪ್ಪಣೆ ಕೊಡಿಸಿದ್ದಾರೆ. ಹಿರಿಯರ ಅಪ್ಪಣೆಯನ್ನು ಮೀರಲಾರದೆ ಎದ್ದು ನಿಂತಿದ್ದೇನೆ. ನನ್ನ ಮಾತಿನ ಕೊನೆಯಲ್ಲಿ ನನ್ನದೇ ಒಂದು ತಪ್ಪನ್ನೂ ಈ ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಅದಕ್ಕೂ ಇದೇ ಸರಿಯಾದ ಸ್ಥಳವೆಂದು ತಿಳಿದಿದ್ದೇನೆ.

ನಮ್ಮ ಪುತ್ತೂರು ಕಳೆದ ಒಂದು ತಲೆಮಾರಿನಲ್ಲಿ ಎಷ್ಟು ಬದಲಾಗಿದೆ ಎಂಬುದನ್ನು ನಾನು ವಿವರಿಸಬೇಕಾಗಿಲ್ಲ. ಹಿಂದೆ ಉಪ್ಪಿನಂಗಡಿ ತಾಲೂಕೆಂದು ಕರೆಯುತ್ತಿದ್ದ ವಿಶಾಲವಾದ ಸೀಮೆಗೆ ಪುತ್ತೂರು ಕೇಂದ್ರವಾಗಿತ್ತು. ಬೆಳ್ತಂಗಡಿ ಬೇರೆಯಾಯಿತು, ಸುಳ್ಯ ಬೇರೆಯಾಯಿತು, ಈಚೆಗೆ ಕಡಬವೂ ತಾನೇ ಒಂದು ತಾಲೂಕಾಯಿತು. 1958ರಲ್ಲಿ ಸೈಂಟ್ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಇಲ್ಲಿ ಆರಂಭವಾಗಿ, ಪದವಿಗಾಗಿ ಮಂಗಳೂರಿಗೆ ಹೋಗಬೇಕಾಗಿದ್ದ ನಮ್ಮ ಮಕ್ಕಳು ಮನೆಯ ಊಟ ಉಂಡು ಕಾಲೇಜಿಗೆ ಹೋಗುವಂತಾಯಿತು. 1979ರಲ್ಲಿ ಮಂಗಳೂರಿನಿಂದ ಹಾಸನಕ್ಕೆ ರೈಲುಮಾರ್ಗ ಪೂರ್ಣಗೊಂಡಾಗ, ತೀರ್ಥರೂಪರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ರೈಲು ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ನಾನು ಶಾಲೆ ಬಿಟ್ಟ 1986ರಲ್ಲಿಯೇ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೋ ಸಂಸ್ಥೆಯ ಚಾಕಲೇಟು ಕಾರ್ಖಾನೆ ಆರಂಭವಾಯಿತು. ಹಂಚಿನ ಮಾಡಿನ ಅಂಗಡಿಗಳಿದ್ದಲ್ಲಿ ಈಗ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳೆದ್ದಿವೆ. ಪುರಸಭೆ ನಗರಸಭೆಯಾಯಿತು. ಬಂಟ್ವಾಳದಿಂದ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ಹಗಲಿರುಳೆನ್ನದೆ ವಾಹನಗಳು ಓಡುತ್ತವೆ.

ಈ ಬದಲಾವಣೆಯನ್ನು ನಾನು ದೂಷಿಸುವವನಲ್ಲ. ಊರು ಬೆಳೆದುದರಿಂದಲೇ ನಮ್ಮ ವ್ಯಾಪಾರ ಬೆಳೆಯಿತು, ವ್ಯಾಪಾರ ಬೆಳೆದುದರಿಂದಲೇ ಈ ಬಸದಿಯ ಮಾಡಿಗೆ ತಾಮ್ರದ ಹೊದಿಕೆ ಬಂತು. ಆದರೆ ಊರು ಬೆಳೆಯುವಾಗ ಅದರ ನೆನಪು ಎಲ್ಲಿ ಉಳಿಯುತ್ತದೆ, ಎಲ್ಲಿ ಅಳಿಯುತ್ತದೆ ಎಂಬುದನ್ನು ವಿಚಾರ ಮಾಡಬೇಕಾಗಿದೆ.

ಮೊದಲನೆಯದಾಗಿ, ಊರಿನ ನೆನಪು ಹೆಸರುಗಳಲ್ಲಿ ಉಳಿಯುತ್ತದೆ. ಮಹಾಲಿಂಗೇಶ್ವರ ದೇವಾಲಯದ ಹಿಂದಿನ ಕೆರೆಯನ್ನು ತೋಡಿದಾಗ ನೀರು ಬಾರದೆ, ಅಲ್ಲಿಯೇ ಅನ್ನಸಂತರ್ಪಣೆ ನಡೆಸಲಾಗಿ, ನೀರು ಉಕ್ಕಿ ಬಂದು, ಎಲೆಯಲ್ಲಿ ಉಳಿದ ಅನ್ನದ ಅಗುಳುಗಳು ಮುತ್ತುಗಳಾದವೆಂದೂ, ಆ ಮುತ್ತಿನ ಊರೇ ಪುತ್ತೂರಾಯಿತೆಂದೂ ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಭಾಷೆಯನ್ನು ಬಲ್ಲವರು ಈ ಹೆಸರಿಗೆ ಬೇರೆ ಅರ್ಥವನ್ನು ಹೇಳಬಹುದು. ಆದರೆ ಹಸಿದವರಿಗೆ ಬಡಿಸಿದ ಅನ್ನವೇ ಮುತ್ತಾಯಿತೆಂಬ ಕಥೆಯನ್ನು ಒಂದು ಊರು ತನ್ನ ಹೆಸರಿನೊಳಗೆ ಕಾಪಾಡಿಕೊಂಡು ಬಂದಿದೆಯೆಂದರೆ, ಆ ಊರು ತಾನು ಹೇಗಿರಬೇಕೆಂದು ಬಯಸಿತೆಂಬುದು ನಮಗೆ ತಿಳಿಯುತ್ತದೆ.

ಇದೇ ದೇವಾಲಯದ ಇನ್ನೊಂದು ಐತಿಹ್ಯವನ್ನು ಹೇಳುವಾಗ ನಮ್ಮವರಲ್ಲಿ ಕೆಲವರು ಸ್ವಲ್ಪ ಹಿಂಜರಿಯುವುದನ್ನು ಕಂಡಿದ್ದೇನೆ. ನೆಲದ ಮೇಲೆ ಇಟ್ಟ ಶಿವಲಿಂಗವು ಅಲ್ಲಿಯೇ ನೆಲೆಯೂರಲು, ಸೀಮೆಯನ್ನಾಳುತ್ತಿದ್ದ ಬಂಗರಾಜನು ಅದನ್ನು ಆನೆಯಿಂದ ಎಳೆಯಿಸಿದನೆಂದೂ, ಲಿಂಗವು ಕದಲದೆ ಆನೆಯೇ ಛಿದ್ರವಾಗಿ ಹೋಯಿತೆಂದೂ ಹೇಳುವರು. ಕೊಂಬು ಬಿದ್ದಲ್ಲಿ ಕೊಂಬೆಟ್ಟು, ತಲೆ ಬಿದ್ದಲ್ಲಿ ತಾಳೆಪ್ಪಾಡಿ, ಕಾಲು ಬಿದ್ದಲ್ಲಿ ಕಾರ್ಜಾಲು ಎಂದು ಊರಿನ ಹೆಸರುಗಳನ್ನೇ ಸಾಕ್ಷಿಯಾಗಿ ಕೊಡುವರು. ಇಂದಿಗೂ ಆ ದೇವಾಲಯದ ಉತ್ಸವಗಳಿಗೆ ಆನೆಯನ್ನು ತರುವ ಪದ್ಧತಿಯಿಲ್ಲ. ಬಂಗರು ಜೈನ ಅರಸರು. ಹೀಗಿರುವಾಗ ಊರಿನ ಮೂಲಕಥೆಯಲ್ಲಿ ತಪ್ಪು ಮಾಡಿದವನ ಸ್ಥಾನ ನಮ್ಮವರಿಗೆ ಬಂದಿದೆಯಲ್ಲ ಎಂಬುದು ಈ ಹಿಂಜರಿಕೆಗೆ ಕಾರಣ.

ಬಂಧುಗಳೇ, ನಾನು ಇದರಲ್ಲಿ ನೊಂದುಕೊಳ್ಳತಕ್ಕದ್ದೇನನ್ನೂ ಕಾಣೆ. ವಸ್ತುವಿಗೆ ಹಲವು ಮುಖಗಳಿವೆ, ಒಂದೇ ಮುಖವನ್ನು ಕಂಡು ಇದೇ ಪೂರ್ಣಸತ್ಯವೆನ್ನಬೇಡವೆಂದು ನಮ್ಮ ಅನೇಕಾಂತವು ಬೋಧಿಸುತ್ತದೆ. ಅಧಿಕಾರವುಳ್ಳವನು ಬಲದಿಂದ ಎಳೆದರೆ ನೆಲವೂರಿದ್ದು ಬಾರದು ಎಂಬ ಪಾಠವನ್ನು ಊರವರು ಈ ಕಥೆಯಲ್ಲಿ ಇಟ್ಟಿದ್ದಾರೆ. ಅರಸನು ಯಾವ ಮತದವನಾಗಿದ್ದರೂ ಈ ಪಾಠ ಸಲ್ಲುತ್ತದೆ. ನಮಗೆ ಹಿತವಾದುದನ್ನು ಮಾತ್ರ ಊರು ನೆನಪಿಟ್ಟುಕೊಳ್ಳಬೇಕೆಂದು ನಾವು ಅಪೇಕ್ಷಿಸಿದರೆ, ಅದು ನೆನಪಾಗುವುದಿಲ್ಲ, ಹೊಗಳಿಕೆಯಾಗುತ್ತದೆ.

ಪುತ್ತೂರಿನ ನೆರೆಯ ಪಡುಮಲೆಯ ವಿಚಾರವನ್ನೂ ನೋಡಿರಿ. ಕೋಟಿ ಚೆನ್ನಯರೆಂಬ ವೀರರು ಹುಟ್ಟಿ ಬೆಳೆದ ನೆಲವದು. ಅವರ ಪಾಡ್ದನದಲ್ಲಿ ಬರುವ ಬಲ್ಲಾಳರ ಬೀಡುಗಳನ್ನು ಜೈನ ಮನೆತನಗಳೆಂದು ಹೇಳುವ ವಾಡಿಕೆಯಿದೆ. ಕೊಟ್ಟ ಮಾತಿಗೆ ತಪ್ಪಿದ ಪಡುಮಲೆಯ ಬಲ್ಲಾಳನನ್ನು ಪಾಡ್ದನ ಮರೆಯುವುದಿಲ್ಲ. ಆ ವೀರರನ್ನು ಸೆರೆಯಲ್ಲಿಟ್ಟ ಪಂಜದ ಬಲ್ಲಾಳನನ್ನೂ ಮರೆಯುವುದಿಲ್ಲ. ಹಾಗೆಯೇ, ನೆಲೆ ಕಾಣದೆ ಬಂದ ಅಣ್ಣತಮ್ಮಂದಿರಿಗೆ ಆಶ್ರಯ ಕೊಟ್ಟು ಗೌರವಿಸಿದ ಎಣ್ಮೂರಿನ ದೇವ ಬಲ್ಲಾಳನನ್ನೂ ಅದೇ ಪಾಡ್ದನ ಅಷ್ಟೇ ನಿಷ್ಠೆಯಿಂದ ಹೇಳುತ್ತದೆ. ಗದ್ದೆಯಲ್ಲಿ ನೇಜಿ ನೆಡುತ್ತಾ ಹಾಡಿದ ತಾಯಂದಿರು ಒಬ್ಬನಿಗೂ ಅನ್ಯಾಯ ಮಾಡಲಿಲ್ಲ. ಜಮೆಯನ್ನೂ ಖರ್ಚನ್ನೂ ಎರಡೂ ಬದಿಯಲ್ಲಿ ಬರೆದ ಶುದ್ಧವಾದ ಲೆಕ್ಕವದು. ಇಂದು ಎಣ್ಮೂರಿನ ಗರಡಿಗೆ ಹೋಗುವವರು ಆ ಲೆಕ್ಕವನ್ನು ಇನ್ನೂ ಕಾಣಬಹುದು.

ಎರಡನೆಯದಾಗಿ, ಹೆಸರಿನ ಆಸರೆ ಸಿಕ್ಕದೆ ಹೋದ ನೆನಪು ಏನಾಗುತ್ತದೆ ಎಂಬುದಕ್ಕೆ ನಮ್ಮ ಸೀಮೆಯಲ್ಲಿಯೇ ದೊಡ್ಡದೊಂದು ನಿದರ್ಶನವಿದೆ. ಅದು 1837ನೇ ಇಸವಿಯ ಹೋರಾಟ.

ಅಮರ ಮಾಗಣೆ, ಸುಳ್ಯ ಮಾಗಣೆಗಳು ಕೊಡಗಿನ ಅರಸರ ಕೈಯಲ್ಲಿದ್ದವು. 1834ರಲ್ಲಿ ಕಂಪೆನಿ ಸರ್ಕಾರವು ಕೊಡಗನ್ನು ವಶಪಡಿಸಿಕೊಂಡು, ಈ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅದುವರೆಗೆ ಬೆಳೆದ ಧಾನ್ಯದ ರೂಪದಲ್ಲಿ ಸಲ್ಲಿಸುತ್ತಿದ್ದ ಕಂದಾಯವನ್ನು ನಗದಾಗಿ ಕೊಡಬೇಕೆಂದಾಯಿತು. ಇದರ ಅರ್ಥವನ್ನು ವ್ಯಾಪಾರಿಯಾದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕೊಯ್ಲಿನ ಕಾಲದಲ್ಲಿ ಊರಿಗೆ ಊರೇ ಹಣಕ್ಕಾಗಿ ಭತ್ತವನ್ನು ಮಾರಲು ಹೊರಟರೆ ಬೆಲೆ ಕುಸಿಯುತ್ತದೆ. ಕೊಂಡವನು ಗೆಲ್ಲುತ್ತಾನೆ, ಬೆಳೆದವನು ಸಾಲಗಾರನಾಗುತ್ತಾನೆ. ಅಂದಿನ ವ್ಯಾಪಾರಿಗಳಲ್ಲಿಯೂ ಹಾಗೆ ಗೆದ್ದವರು ಇದ್ದಿರಲೇಬೇಕು.

ಆ ವರ್ಷದ ಮಾರ್ಚ್ ಕೊನೆಯಲ್ಲಿ ಸುಳ್ಯದ ಬಳಿಯ ಪೂಮಲೆಯಿಂದ ಜನರು ಹೊರಟರು. ಕೆದಂಬಾಡಿ ರಾಮಯ್ಯ ಗೌಡರು ಅವರ ಮುಂದಾಳುಗಳಲ್ಲಿ ಪ್ರಮುಖರು. ಪುಟ್ಟಬಸಪ್ಪನೆಂಬವರು ಕಲ್ಯಾಣಸ್ವಾಮಿಯೆಂಬ ಹೆಸರಿನಲ್ಲಿ ನಾಯಕರಾದರು. ಬೆಳ್ಳಾರೆಯ ಖಜಾನೆ ಅವರ ವಶವಾಯಿತು. ಪುತ್ತೂರಿನವರೆಗೆ ಬಂದಿದ್ದ ಕಲೆಕ್ಟರನು ಹಿಂದಿರುಗಬೇಕಾಯಿತು. ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯ ಮೇಲೆ ಅವರ ಬಾವುಟ ಹಾರಿತು, ಸುಮಾರು ಹದಿಮೂರು ದಿನ ಊರು ಅವರ ಕೈಯಲ್ಲಿತ್ತು. ದಾರಿಯಲ್ಲಿ ಅವರನ್ನು ಕೂಡಿಕೊಂಡವರಲ್ಲಿ ನಂದಾವರದ ಲಕ್ಷ್ಮಪ್ಪ ಬಂಗರಸರೂ ಒಬ್ಬರು. ಕಣ್ಣೂರು ಮೊದಲಾದೆಡೆಗಳಿಂದ ಕಂಪೆನಿಯ ಸೈನ್ಯ ಬಂದ ಬಳಿಕ ಎಲ್ಲವೂ ಮುಗಿಯಿತು. ಕಲ್ಯಾಣಸ್ವಾಮಿಯನ್ನೂ ಲಕ್ಷ್ಮಪ್ಪ ಬಂಗರಸರನ್ನೂ ಮಂಗಳೂರಿನಲ್ಲಿ ಗಲ್ಲಿಗೇರಿಸಲಾಯಿತು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು.

ಇಷ್ಟು ದೊಡ್ಡ ಘಟನೆಯನ್ನು ನಮ್ಮ ಊರು ಯಾವ ಹೆಸರಿನಿಂದ ನೆನಪಿಟ್ಟುಕೊಂಡಿತು ಎಂಬುದು ತಮಗೆಲ್ಲ ತಿಳಿದಿದೆ. ‘ಕಲ್ಯಾಣಪ್ಪನ ಕಾಟಕಾಯಿ’ ಎಂದು ಕರೆದೆವು, ಕೊಳ್ಳೆಹೊಡೆಯುವವರ ದಾಂಧಲೆಯೆಂಬಂತೆ. ಗೆದ್ದವನು ಇಟ್ಟ ಹೆಸರನ್ನು ಸೋತವನ ಮೊಮ್ಮಕ್ಕಳೂ ಹೇಳತೊಡಗಿದರು. ಕುಳ್ಕುಂದದಲ್ಲಿ ಹುಟ್ಟಿದ ನಿರಂಜನರು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯನ್ನು ಬರೆದು ಆ ಕಥೆಯನ್ನು ಕನ್ನಡ ಓದುಗರ ಮುಂದಿಟ್ಟರು. ಅನೇಕ ಹಿರಿಯರು ದಾಖಲೆಗಳನ್ನು ಹುಡುಕಿದರು. ಕಡೆಗೆ 2022ನೇ ಇಸವಿಯ ನವೆಂಬರ್ ತಿಂಗಳಿನಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಅನಾವರಣಗೊಂಡಿತು. ನೂರ ಎಂಬತ್ತೈದು ವರ್ಷಗಳ ಬಳಿಕ!

ಒಂದೇ ಬಂಗ ಮನೆತನವನ್ನು ಎದುರಿಗಿಟ್ಟುಕೊಂಡು ನೋಡಿರಿ. ಆನೆಯನ್ನು ಕಟ್ಟಿ ಎಳೆಯಿಸಿದ ಬಂಗರಾಜನನ್ನು ಕೊಂಬೆಟ್ಟಿನ ಶಾಲೆಗೆ ಹೋಗುವ ಪ್ರತಿಯೊಬ್ಬ ಹುಡುಗನೂ ಬಲ್ಲನು. ಗೌಡರೊಡನೆ, ಬಡ ಒಕ್ಕಲುಗಳೊಡನೆ ನಿಂತು ಪ್ರಾಣ ತೆತ್ತ ಲಕ್ಷ್ಮಪ್ಪ ಬಂಗರಸರನ್ನು ನಮ್ಮ ಮಕ್ಕಳಲ್ಲಿ ಎಷ್ಟು ಮಂದಿ ಬಲ್ಲರು? ಮೊದಲನೆಯವನ ಕಥೆಗೆ ದಿನನಿತ್ಯ ನಾಲಿಗೆಯ ಮೇಲೆ ಬರುವ ಒಂದು ಊರಿನ ಹೆಸರಿತ್ತು. ಎರಡನೆಯವರಿಗೆ ಹೆಸರೂ ಇರಲಿಲ್ಲ, ವರ್ಷಕ್ಕೊಮ್ಮೆ ದೀಪ ಹಚ್ಚುವ ಕಟ್ಟೆಯೂ ಇರಲಿಲ್ಲ. ಇದರಲ್ಲಿ ಅನ್ಯರನ್ನು ದೂರಿ ಪ್ರಯೋಜನವಿಲ್ಲ. ನಾವು ಜೈನರೇ ಅವರ ಹೆಸರಿನಲ್ಲಿ ಒಂದು ದಿನವನ್ನು ಇಟ್ಟುಕೊಳ್ಳಲಿಲ್ಲ.

ಇದರಿಂದ ನನಗೆ ತಿಳಿದುದು ಇಷ್ಟು. ಊರಿನ ನೆನಪು ತಾನಾಗಿ ಉಳಿಯುವುದಿಲ್ಲ. ಬಾಯಲ್ಲಿ ಆಡುವ ಹೆಸರಿಗೆ, ತಪ್ಪದೆ ಬರುವ ದಿನಕ್ಕೆ, ಒಬ್ಬರ ಕೈಗೆ ಒಪ್ಪಿಸಿದ ಕೆಲಸಕ್ಕೆ, ಈ ಮೂರರಲ್ಲಿ ಒಂದಕ್ಕೆ ಕಟ್ಟಿಹಾಕಿದರೆ ಮಾತ್ರ ಉಳಿಯುತ್ತದೆ. ಕಿಲ್ಲೆ ಮೈದಾನವೆಂದು ನಾವು ಹೇಳುತ್ತೇವೆ. ಕಿಲ್ಲೆಯೆಂದರೆ ಕೋಟೆ. ಇಂದು ಅಲ್ಲಿ ಕೋಟೆ ಕಾಣದಿದ್ದರೂ ಸೋಮವಾರದ ಸಂತೆಗೆ ಬರುವವರ ಬಾಯಲ್ಲಿ ಕಿಲ್ಲೆ ಉಳಿದಿದೆ. 1934ರ ಫೆಬ್ರವರಿಯಲ್ಲಿ ಮಹಾತ್ಮಾ ಗಾಂಧಿಯವರು ಪುತ್ತೂರಿಗೆ ಬಂದಿದ್ದರು. ಬಸ್ ನಿಲ್ದಾಣದ ಪಕ್ಕದ ಅಶ್ವತ್ಥದ ಕಟ್ಟೆಯನ್ನು ನಾವು ಗಾಂಧಿಕಟ್ಟೆಯೆಂದು ಕರೆಯುತ್ತಿರುವುದರಿಂದ, ಬಸ್ಸಿಗೆ ಕಾಯುವ ಕೂಲಿಯವನಿಗೂ ಆ ಭೇಟಿಯ ಸಂಗತಿ ತಿಳಿದಿದೆ. ಮೊಳಹಳ್ಳಿ ಶಿವರಾಯರು ಈ ಊರಿನಲ್ಲಿದ್ದುಕೊಂಡು ಸಹಕಾರ ಚಳವಳಿಯನ್ನು ಕಟ್ಟಿದರು. ಇಂದು ಮಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಪುತ್ತೂರಿನಲ್ಲಿ ಆರಂಭವಾದದ್ದು. ಸಂಘಗಳು ನಡೆಯುತ್ತಿರುವುದರಿಂದ ಅವರ ಹೆಸರೂ ನಡೆಯುತ್ತಿದೆ. ಡಾ. ಶಿವರಾಮ ಕಾರಂತರು ಹಲವು ದಶಕಗಳ ಕಾಲ ಪರ್ಲಡ್ಕದ ಬಾಲವನದಲ್ಲಿ ನೆಲಸಿದ್ದರು. ಅವರು ಸಾಲಿಗ್ರಾಮಕ್ಕೆ ಹೋದ ಬಳಿಕ ಆ ಮನೆ ಬಹುಕಾಲ ಕೇಳುವವರಿಲ್ಲದಂತಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಒಬ್ಬರ ಕೈಗೆ ಬಂದ ಮೇಲೆಯೇ ಅಲ್ಲಿ ಮತ್ತೆ ಮಕ್ಕಳ ದನಿ ಕೇಳಿಬಂತು.

ಇನ್ನು ನನ್ನ ತಪ್ಪಿನ ವಿಚಾರ.

ಅಡಿಕೆಯ ವ್ಯಾಪಾರವನ್ನು ಬಲ್ಲ ತಮಗೆ ಚೋಲ್ ಅಡಿಕೆಯ ಸಂಗತಿ ತಿಳಿದಿದೆ. ಹೊಸ ಅಡಿಕೆಗಿಂತ ಒಂದು ವರ್ಷ ಇಟ್ಟ ಚೋಲ್‌ಗೆ ಬೆಲೆ ಹೆಚ್ಚು, ಎರಡು ವರ್ಷ ಇಟ್ಟ ಡಬಲ್ ಚೋಲ್‌ಗೆ ಇನ್ನೂ ಹೆಚ್ಚು. ಆದರೆ ಹಳತಾದ ಮಾತ್ರಕ್ಕೆ ಅಡಿಕೆಗೆ ಬೆಲೆ ಬರುವುದಿಲ್ಲ. ತೇವ ತಾಗದಂತೆ ಕಟ್ಟಿಡಬೇಕು, ಆಗಾಗ ಗೋಣಿ ಬಿಚ್ಚಿ ನೋಡಬೇಕು, ಹುಳು ಹಿಡಿದದ್ದನ್ನು ಆರಿಸಿ ತೆಗೆಯಬೇಕು. ನೋಡಿಕೊಳ್ಳದೆ ಮೂಲೆಯಲ್ಲಿ ಬಿಟ್ಟ ಹಳೆಯ ಅಡಿಕೆ ಹೊಸ ಅಡಿಕೆಗಿಂತಲೂ ಕೀಳು. ಇಷ್ಟನ್ನು ಅಡಿಕೆಯ ವಿಷಯದಲ್ಲಿ ಚೆನ್ನಾಗಿ ಬಲ್ಲ ನಾನು, ಕಾಗದದ ವಿಷಯದಲ್ಲಿ ಅರಿಯದೆ ಹೋದೆ.

ನಮ್ಮ ಅಜ್ಜನವರ ಕಾಲದಿಂದ ಈ ಬಸದಿಯ ಎಣ್ಣೆ, ಅಕ್ಕಿ, ಗಂಧಗಳ ಲೆಕ್ಕ ನಮ್ಮ ಅಂಗಡಿಯಲ್ಲಿಯೇ ಇತ್ತು. ಯಾವ ಗದ್ದೆಯ ಗೇಣಿ ಎಷ್ಟು ಬಂತು, ಇಂದ್ರರಿಗೆ ಎಷ್ಟು ಸಂದಿತು, ಮಳೆಗಾಲದಲ್ಲಿ ಮಾಡಿಗೆ ಎಷ್ಟು ಹಂಚು ಹಾಕಿಸಿದರು ಎಂಬುದೆಲ್ಲ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳಲ್ಲಿ ಅಜ್ಜನವರ ಕೈಬರಹದಲ್ಲಿತ್ತು. ಪ್ರತಿವರ್ಷ ದೀಪಾವಳಿಯ ಪೂಜೆಗೆ ಆ ಪುಸ್ತಕಗಳಿಗೂ ಒಂದು ಹೂವು ಇಡುತ್ತಿದ್ದೆವು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಹಂಚಿನ ಅಂಗಡಿಯನ್ನು ಕೆಡವಿ ತಾರಸಿಯ ಕಟ್ಟಡವನ್ನು ಕಟ್ಟುವ ಸಂದರ್ಭದಲ್ಲಿ, ಅಟ್ಟದಲ್ಲಿದ್ದ ಆ ಪುಸ್ತಕಗಳನ್ನು ಎಲ್ಲಿಡಲಿ ಎಂಬ ಪ್ರಶ್ನೆ ಬಂತು. ಗೆದ್ದಲು ಹಿಡಿದಿದೆ, ಹಳೆಯ ಲೆಕ್ಕವೆಲ್ಲ ಮುಗಿದುಹೋದದ್ದು ಎಂದು ನಾನು ಅವುಗಳನ್ನು ಹಳೆಕಾಗದ ಕೊಳ್ಳುವವನ ತಕ್ಕಡಿಗೆ ಹಾಕಿದೆ. ತೂಕಕ್ಕೆ ತಕ್ಕ ಹಣ ಬಂತು. ಆ ಹಣ ಎಷ್ಟೆಂಬುದು ನೆನಪಿಲ್ಲ, ಯಾವುದಕ್ಕೆ ಖರ್ಚಾಯಿತೆಂಬುದೂ ನೆನಪಿಲ್ಲ. ತೀರ್ಥರೂಪರು ಆಗ ಬದುಕಿದ್ದರು. ಅವರು ಏನೂ ಅನ್ನಲಿಲ್ಲ. ಆ ದೀಪಾವಳಿಗೆ ಹೂವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದು, ಬಳಿಕ ತಕ್ಕಡಿಯ ಮೇಲಿಟ್ಟರು.

ಈ ಜೀರ್ಣೋದ್ಧಾರದ ಕೆಲಸ ಆರಂಭವಾದಾಗ ಸಮಿತಿಯವರು ನಮ್ಮ ಮನೆಗೆ ಬಂದು, ಬಸದಿಯ ಹಳೆಯ ಲೆಕ್ಕಪತ್ರಗಳು ನಿಮ್ಮಲ್ಲಿರಬೇಕಲ್ಲವೆ ಎಂದು ಕೇಳಿದರು. ನಾನು ತಲೆ ತಗ್ಗಿಸಿದೆ. ಬಸದಿಯ ಹಿಂಬದಿಯಲ್ಲಿ ಬಳ್ಳಿ ಮುಳ್ಳುಗಳಿಂದ ಮುಚ್ಚಿಹೋಗಿದ್ದ ತಗ್ಗನ್ನು ಮಣ್ಣು ತುಂಬಿ ಸಮತಟ್ಟು ಮಾಡಿ, ವಾಹನಗಳನ್ನು ನಿಲ್ಲಿಸುವ ಸ್ಥಳವನ್ನಾಗಿ ಮಾಡುವುದೆಂದು ನಿರ್ಧಾರವಾಯಿತು. ಆ ನಿರ್ಧಾರಕ್ಕೆ ನಾನೂ ಕೈಯೆತ್ತಿದವನೇ.

ಮಣ್ಣಿನ ಲಾರಿ ಬರುವ ಹಿಂದಿನ ದಿನ, ಎಂಬತ್ತು ದಾಟಿದ ಹಿರಿಯರೊಬ್ಬರು ಕೋಲೂರಿಕೊಂಡು ಬಸದಿಗೆ ಬಂದರು. ಅವರ ತಂದೆತಾಯಿಗಳು ಬಸದಿಯ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದವರು. ಅವರು ಜೈನರಲ್ಲ. ಆ ತಗ್ಗನ್ನು ತೋರಿಸಿ, ಇದು ಬಾವಿ, ಅಭಿಷೇಕದ ನೀರು ಇಲ್ಲಿಂದಲೇ ಹೋಗುತ್ತಿತ್ತು, ಒಳಗೆ ಕಲ್ಲಿನ ಕಟ್ಟಣೆಯಿದೆ ಎಂದರು. ಕೆಲಸದವರು ಬಳ್ಳಿಗಳನ್ನು ಕಡಿದು ಮಣ್ಣು ತೆಗೆದಾಗ ಅವರು ಹೇಳಿದಂತೆಯೇ ಕೆಂಪುಕಲ್ಲಿನ ಕಟ್ಟಣೆ ಕಂಡಿತು. ಹನ್ನೊಂದನೆಯ ದಿನಕ್ಕೆ ನೀರೂ ಬಂತು. ನಾಳೆ ಭಗವಂತನ ಅಭಿಷೇಕ ನಡೆಯುವುದು ಅದೇ ನೀರಿನಿಂದ.

ನಾನು ಅವರನ್ನು ಕೂರಿಸಿ, ಇದೆಲ್ಲ ನಿಮಗೆ ಹೇಗೆ ಇಷ್ಟು ಖಚಿತವಾಗಿ ನೆನಪಿದೆಯೆಂದು ಕೇಳಿದೆ. ಅದಕ್ಕೆ ಅವರು ಹೇಳಿದ ವಿಷಯವನ್ನು ತಮ್ಮ ಮುಂದೆ ಹೇಳಲೇಬೇಕು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂದು, ಉಳುವವನೇ ಹೊಲದೊಡೆಯನಾದನು. ಆ ಗದ್ದೆ ಅವರದಾಯಿತು. ನಮ್ಮವರಲ್ಲಿ ಅನೇಕರಿಗೆ ಅಂದು ಮನಸ್ಸು ಕಹಿಯಾಯಿತು. ಗೇಣಿಯ ಅಕ್ಕಿ ನಿಂತು ಅನೇಕ ಬಸದಿಗಳಲ್ಲಿ ನಿತ್ಯಪೂಜೆಗೆ ಕಷ್ಟವಾದದ್ದೂ, ಸರ್ಕಾರದ ಅಲ್ಪ ತಸ್ತೀಕಿನಿಂದ ದೀಪ ಉರಿಸಬೇಕಾಗಿ ಬಂದದ್ದೂ ನಿಜ. ಆದರೆ ತಲೆಮಾರುಗಳ ಕಾಲ ದುಡಿದವನಿಗೆ ನೆಲ ದೊರೆತದ್ದು ನ್ಯಾಯವೆಂಬುದೂ ಅಷ್ಟೇ ನಿಜ. ಆ ಹಿರಿಯರ ತಾಯಿ ಮಾತ್ರ ಕಾನೂನು ಬಂದ ವರ್ಷವೂ, ಅದರ ಮರುವರ್ಷವೂ, ತಾನು ಬದುಕಿರುವವರೆಗೂ ದೀಪಾವಳಿಗೆ ಒಂದು ಕುಪ್ಪಿ ತೆಂಗಿನೆಣ್ಣೆಯನ್ನು ಮಗನ ಕೈಯಲ್ಲಿ ಬಸದಿಗೆ ಕಳುಹಿಸುತ್ತಿದ್ದರಂತೆ. ಇನ್ನು ಕೊಡಬೇಕಾಗಿಲ್ಲವಲ್ಲ ಎಂದು ಮಗನು ಕೇಳಿದಾಗ ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ, ‘ಗೇಣಿ ಸರ್ಕಾರದ ಮಾತು, ದೀಪ ನಮ್ಮ ಮಾತು’ ಎಂದಿದ್ದರಂತೆ. ವರ್ಷ ವರ್ಷವೂ ಎಣ್ಣೆ ಕೊಟ್ಟು, ಆ ಬಾವಿಯ ನೀರಿನಲ್ಲಿ ಕೈಕಾಲು ತೊಳೆದು ಹಿಂದಿರುಗುತ್ತಿದ್ದುದರಿಂದ ಆ ಬಾವಿಯ ನೆನಪು ಅವರಲ್ಲಿ ಉಳಿದಿತ್ತು. ಪುಸ್ತಕವಿದ್ದ ನಾವು ಮರೆತೆವು. ಕುಪ್ಪಿ ಹಿಡಿದು ಬಂದವರು ನೆನಪಿಟ್ಟುಕೊಂಡರು.

ಅದೇ 1974ನೇ ಇಸವಿ ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ವರ್ಷವೆಂಬುದನ್ನು ತಾವು ಬಲ್ಲಿರಿ. ದೇಶದಾದ್ಯಂತ ಸಭೆಗಳು ನಡೆದವು, ಗ್ರಂಥಗಳು ಪ್ರಕಟವಾದವು, ಅವೆಲ್ಲವೂ ಬೇಕಾದುವೇ. ಆದರೆ ಆ ವರ್ಷ ನಮ್ಮ ಈ ಪುಟ್ಟ ಬಸದಿಯಲ್ಲಿ ನಿರ್ವಾಣದ ದೀಪ ಉರಿದದ್ದು ಆ ತಾಯಿಯ ಎಣ್ಣೆಯಿಂದ. ಇದು ಯಾವ ಸಂಚಿಕೆಯಲ್ಲಿಯೂ ಅಚ್ಚಾಗಲಿಲ್ಲ. ಇಂದು ಈ ಸ್ಮರಣ ಸಂಚಿಕೆಯಲ್ಲಿ ಅಚ್ಚಾಗಲೆಂಬುದು ನನ್ನ ವಿನಂತಿ.

ಕಾಗದವನ್ನು ಕಾಪಾಡಿದವರ ನಿದರ್ಶನವೂ ನಮ್ಮಲ್ಲಿದೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳ ತಾಡವೋಲೆಗಳನ್ನು ನಮ್ಮ ಪೂರ್ವಜರು ಶತಮಾನಗಳ ಕಾಲ ರಕ್ಷಿಸಿದರು. ದೇಶದಲ್ಲಿ ಬೇರೆಲ್ಲಿಯೂ ಇಲ್ಲದಂತಾಗಿದ್ದ ಆಗಮಜ್ಞಾನವು ನಮ್ಮ ತುಳುನಾಡಿನಲ್ಲಿ ಉಳಿಯಿತು. ಆದರೆ ಬಹುಕಾಲ ಭಕ್ತರು ಅವುಗಳ ದರ್ಶನವನ್ನು ಮಾಡಿ ಕೈಮುಗಿದು ಹೋಗುತ್ತಿದ್ದರೇ ಹೊರತು ಓದುವವರು ವಿರಳರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಲಿಪಿಯ ಕೆಲಸ ಆರಂಭವಾಗಿ, 1939ರಿಂದ ಧವಲಾ ಅಚ್ಚಾಗಿ ಹೊರಬರತೊಡಗಿದ ಮೇಲೆ ಅದು ಜಗತ್ತಿನ ಸೊತ್ತಾಯಿತು. ಕಾಪಾಡುವುದು ಒಂದು ಪುಣ್ಯ, ತೆರೆದು ಓದುವುದು ಇನ್ನೊಂದು ಪುಣ್ಯ. ಅಡಿಕೆಯ ಗೋಣಿಗೂ ತಾಡವೋಲೆಯ ಕಟ್ಟಿಗೂ ಇದೊಂದೇ ನಿಯಮ.

ಆದುದರಿಂದ ಸಮಿತಿಯವರಲ್ಲಿ ಮೂರು ವಿನಂತಿಗಳನ್ನು ಮಾಡಿ ನನ್ನ ಮಾತನ್ನು ಮುಗಿಸುತ್ತೇನೆ.

ಒಂದನೆಯದು, ಈ ಬಸದಿಗೆ ಒಂದು ನೆನಪಿನ ಪುಸ್ತಕವನ್ನು ಇಡೋಣ. ಹಿರಿಯರು ಹೇಳಿದುದನ್ನು ದಿನಾಂಕ ಸಹಿತ ಬರೆಯೋಣ. ನಮಗೆ ಹಿತವಾದುದನ್ನೂ ಅಹಿತವಾದುದನ್ನೂ ಪಾಡ್ದನದ ತಾಯಂದಿರಂತೆ ಎರಡೂ ಬದಿಯಲ್ಲಿ ಬರೆಯೋಣ. ಅದರ ಒಂದು ಪ್ರತಿ ಬಸದಿಯಲ್ಲಿಯೂ ಇನ್ನೊಂದು ಪ್ರತಿ ಮಠದ ಗ್ರಂಥಭಂಡಾರದಲ್ಲಿಯೂ ಇರಲಿ. ಯಾರಾದರೂ ಮನೆಯನ್ನು ಕೆಡವುವಾಗ ಅಟ್ಟದಲ್ಲಿ ಹಳೆಯ ಕಾಗದ ಸಿಕ್ಕಿದರೆ, ತೂಕಕ್ಕೆ ಹಾಕುವ ಮೊದಲು ಸಮಿತಿಗೆ ಒಮ್ಮೆ ತೋರಿಸಿರಿ. ಈ ಮಾತನ್ನು ಹೇಳತಕ್ಕ ಅಧಿಕಾರ ತಪ್ಪು ಮಾಡಿದ ನನಗೆ ಇತರರಿಗಿಂತ ಸ್ವಲ್ಪ ಹೆಚ್ಚೇ ಇದೆಯೆಂದು ಭಾವಿಸುತ್ತೇನೆ.

ಎರಡನೆಯದು, ದಾನಿಗಳ ಹೆಸರನ್ನು ಕೆತ್ತಿಸುವ ಅಮೃತಶಿಲೆಯ ಫಲಕದಲ್ಲಿ ಹಣ ಕೊಟ್ಟವರ ಹೆಸರಿನೊಡನೆ ಎಣ್ಣೆ ಕೊಟ್ಟವರಿಗೂ ಒಂದು ಸಾಲು ಇರಲಿ. ಕಲ್ಲು ಹೊತ್ತವರಿಗೂ, ಅಂಗಣ ಗುಡಿಸಿದವರಿಗೂ ಜಾಗವಿರಲಿ. ನನ್ನ ಹೆಸರಿಗೆಂದು ಬಿಟ್ಟ ಸಾಲನ್ನು ಆ ತಾಯಿಗೆ ಬಿಟ್ಟುಕೊಡಲು ನಾನು ಸಿದ್ಧನಿದ್ದೇನೆ. ಅವರ ಮಗ ಒಪ್ಪಿದರೆ ಅವರ ಹೆಸರನ್ನು ಕೆತ್ತಿಸೋಣ. ಒಪ್ಪದಿದ್ದರೆ ‘ದೀಪಕ್ಕೆ ಎಣ್ಣೆ ಕೊಟ್ಟ ತಾಯಿ’ ಎಂದಷ್ಟೇ ಇರಲಿ.

ಮೂರನೆಯದು, ಪ್ರತಿಯೊಂದು ಮನೆಯ ಒಬ್ಬ ಮಗುವಿಗೆ ವರ್ಷಕ್ಕೊಂದು ಕೆಲಸವನ್ನು ಒಪ್ಪಿಸೋಣ. ದೀಪಾವಳಿಯ ಮುಂಜಾನೆ ನಿರ್ವಾಣಪೂಜೆಗೆ ಬಾವಿಯಿಂದ ಒಂದು ಬಿಂದಿಗೆ ನೀರು ತರುವುದು, ಒಂದು ಕುಪ್ಪಿ ಎಣ್ಣೆ ತರುವುದು, ಇಷ್ಟೇ ಸಾಕು. ಬೆಂಗಳೂರಿನಲ್ಲಿಯೋ ಪರದೇಶದಲ್ಲಿಯೋ ನೆಲಸಿರುವ ನಮ್ಮ ಮಕ್ಕಳು ಆ ದಿನ ಬರಲಾರದೆ ಹೋದರೆ, ತಮ್ಮ ಪರವಾಗಿ ನೆರೆಮನೆಯವರಿಗೆ ಹೇಳಿ ಕಳುಹಿಸಲಿ. ಕೆಲಸವನ್ನು ನೆನಪಿಟ್ಟುಕೊಂಡವನು ಊರನ್ನು ಮರೆಯಲಾರನು.

ಬಂಧುಗಳೇ, ನಾಳೆ ಈ ಗರ್ಭಗೃಹದಲ್ಲಿ ಭಗವಂತನ ಬಿಂಬದ ಪ್ರತಿಷ್ಠೆಯಾಗಲಿದೆ. ಇನ್ನು ನೂರು ವರ್ಷಗಳಲ್ಲಿ ಪುತ್ತೂರು ಇನ್ನೆಷ್ಟು ಬದಲಾಗುವುದೋ ಬಲ್ಲವರು ಯಾರು? ಇಂದಿನ ನಮ್ಮ ಕಟ್ಟಡಗಳೂ ಅಂದು ಹಳೆಯ ಕಟ್ಟಡಗಳಾಗಿ ಯಾರೋ ಅವುಗಳನ್ನು ಕೆಡವಬಹುದು. ಆಗಲೂ ಈ ಬಾವಿಯ ಬಳಿ ನಿಂತು, ಇದು ಬಾವಿ, ಅಭಿಷೇಕದ ನೀರು ಇಲ್ಲಿಂದ ಹೋಗುತ್ತದೆ ಎಂದು ಹೇಳುವ ಒಬ್ಬರಾದರೂ ಇರಲಿ. ಅವರು ಯಾವ ಮನೆಯವರಾದರೂ ಆಗಲಿ. ನಮ್ಮ ಮನೆಯವರೂ ಆಗುವಂತೆ ನಾವು ಇಂದಿನಿಂದ ನಡೆದುಕೊಳ್ಳೋಣ.